ಬೆನ್ನ ಹಿಂದಿನ ಖೋ

ಊರು ಒಂದು. ಎರಕದ ಮನೆ ಒಂದು. ಕುಲುಮೆ ಮೂರು. ಕುಲುಮೆಗೊಬ್ಬರಂತೆ ಕಂಚುಗಾರರು ಮೂವರು: ಕಾಳೋಜ, ಬೀರೋಜ, ಮಲ್ಲೋಜ. ಒಡೆದ ಗಂಟೆ ಎರಡು. ಇನ್ನು ಹೊಯ್ಯಬೇಕಾದದ್ದು ಒಂದು. ಇಷ್ಟು ನೆನಪಿಟ್ಟುಕೊಂಡು ಕಣ್ಣು ಮುಚ್ಚು ಮಗಳೇ.

ಅಜ್ಜಿಯರಿಗೂ ಅಜ್ಜಿಯರಿದ್ದ ಒಂದಾನೊಂದು ಕಾಲದಲ್ಲಿ ಆ ಊರಿನ ಗೌಡನಿಗೆ ಹೊಳೆದಂಡೆಗೊಂದು ದೊಡ್ಡ ಗಂಟೆ ಬೇಕಾಯಿತಂತೆ, ಮಂಜು ಮುಸುಕಿದಾಗ ದೋಣಿಯವರಿಗೆ ದಡ ಎಲ್ಲಿದೆ ಅಂತ ತಿಳಿಯಲಿ ಎಂದು. ಅಷ್ಟು ಕಂಚು ಒಂದು ಮೂಸೆಯಲ್ಲಿ ಕರಗುವುದಿಲ್ಲ, ಮೂರು ಬೇಕು. ಒಂದು ಮೂಸೆಯ ಧಾರೆ ಕಡಿಯುವ ಮೊದಲೇ ಇನ್ನೊಂದರ ಧಾರೆ ಅಚ್ಚಿಗೆ ಬೀಳಬೇಕು. ಆದರೆ ಮೂವರೂ ತಮ್ಮ ತಮ್ಮ ಬೆಂಕಿಯ ಬಣ್ಣ ನೋಡುತ್ತ, ಅಚ್ಚಿಗೆ ಬೆನ್ನು ಹಾಕಿ ಕೂತಿರುತ್ತಿದ್ದರಂತೆ. ಮೇಲಾಗಿ ಆ ಮನೆಯಲ್ಲೊಂದು ಕಟ್ಟಳೆ. ಎರಕದ ಹೊತ್ತಿನಲ್ಲಿ ಯಾರೂ ತುಟಿ ಬಿಚ್ಚಬಾರದು. ಹೊಯ್ಯುವಾಗ ಏನು ಕೇಳಿಸುತ್ತದೋ ಅದೇ ಗಂಟೆಯ ದನಿಯಾಗುತ್ತದೆ ಅಂತ ಅವರ ನಂಬಿಕೆ.

ಮೊದಲ ಗಂಟೆಗೆ ಕಾಳೋಜ ಹೊಯ್ದು ಮುಗಿಸಿದ. ನಡುವಿನವನಾದ ಬೀರೋಜ ತಿರುಗಿ ನೋಡಿ ಮೂಸೆ ಎತ್ತುವಷ್ಟರಲ್ಲಿ ಅಚ್ಚಿನೊಳಗಿನ ಕಂಚು ಕೆನೆಗಟ್ಟಿತ್ತಂತೆ. ಗಂಟೆಯ ಸೊಂಟದ ಸುತ್ತ ಒಂದು ಗೆರೆ. ಒಂದೇ ಏಟಿಗೆ ಗೆರೆಗುಂಟ ಸೀಳಿತು. ಆಮೇಲೆ ಎರಡನೆಯದಕ್ಕೆ ಬೀರೋಜ ಅವಸರಪಟ್ಟು ಮೊದಲೇ ಎದ್ದ, ಎರಡು ಧಾರೆ ಒಟ್ಟಿಗೆ ನುಗ್ಗಿ ಅಚ್ಚೇ ಬಿರಿಯಿತು. ನನ್ನದು ಸರಿ ಇತ್ತು ಅಂದ ಕಾಳೋಜ, ನನ್ನ ಸರದಿಗೆ ಮೊದಲೇ ಕೆಟ್ಟಿತ್ತಲ್ಲ ಅಂದ ಮಲ್ಲೋಜ. ಗೌಡ ಲೆಕ್ಕ ಹಾಕಿದ, ಉಳಿದವನು ಬೀರೋಜ. ಮೂರನೆಯದೂ ಕೆಟ್ಟರೆ ಗಂಡ ಹೆಂಡಿರು ಊರು ಬಿಡಬೇಕು ಅಂದುಬಿಟ್ಟನಂತೆ. ತಪ್ಪು ಎಲ್ಲಿದೆ ಅಂತ ಹುಡುಕುವುದು ಕಷ್ಟ ಮಗಳೇ, ಯಾರ ತಲೆಗೆ ಕಟ್ಟೋಣ ಅಂತ ಹುಡುಕುವುದು ಸುಲಭ.

ಬೀರೋಜನಿಗೆ ತಲೆಬುಡ ತಿಳಿಯಲಿಲ್ಲ. ತಡವಾದರೂ ತಪ್ಪು, ಬೇಗವಾದರೂ ತಪ್ಪು, ಹಾಗಾದರೆ ಸರಿ ಅನ್ನುವುದು ಇರುವುದೆಲ್ಲಿ? ಇಕ್ಕಳ ಬದಲಿಸಿದ, ತಿದಿ ಬದಲಿಸಿದ, ಕೂರುವ ಮಣೆಯನ್ನೂ ಬದಲಿಸಿದ, ಗೊಂದಲ ಮಾತ್ರ ಬದಲಾಗಲಿಲ್ಲವಂತೆ.

ಹೀಗಿರುವಾಗ ಪಂಚಮಿ ಬಂತು. ಕಣದಲ್ಲಿ ಓಣಿಯ ಹೆಂಗಸರೆಲ್ಲ ಕಚ್ಚೆ ಬಿಗಿದು ಖೋ ಖೋ ಆಡುತ್ತಿದ್ದರು, ಅವರ ಜೊತೆ ಬೀರೋಜನ ಹೆಂಡತಿ ಗೌರವ್ವನೂ. ಸಾಲಾಗಿ ಕೂತಿದ್ದರು, ಒಬ್ಬಳ ಮುಖ ಮೂಡಲಿಗೆ, ಪಕ್ಕದವಳದು ಪಡುವಲಿಗೆ. ಒಬ್ಬಳು ಖೋ ಬೀಳುವ ಮೊದಲೇ ಎದ್ದಳು, ತಪ್ಪು ಅಂದರು. ಇನ್ನೊಬ್ಬಳು ಬೆನ್ನು ಮುಟ್ಟಿದಳು, ಬಾಯಿಬಿಟ್ಟು ಅನ್ನಲಿಲ್ಲ, ಅದೂ ತಪ್ಪು ಅಂದರು. ಗೌರವ್ವ ಮಾತ್ರ ಹಿಂದೆ ನೋಡದೆ ಬಾಣದ ಹಾಗೆ ಏಳುತ್ತಿದ್ದಳಂತೆ. ಆಟ ಮುಗಿದ ಮೇಲೆ ಬೀರೋಜ ಕೇಳಿದ, ಬೆನ್ನಿಗೇನು ಕಣ್ಣಿದೆಯೇನೇ ನಿನಗೆ, ಹಿಂದಿನವಳು ಬಂದದ್ದು ಹೇಗೆ ಕಾಣುತ್ತದೆ?

‘ಕಾಣೋದ್ಯಾಕ್ರೀ? ಅವಳು ಹೇಳ್ತಾಳಲ್ಲ.’

ಬೀರೋಜನಿಗೆ ಹೊಳೆಯಿತು. ಕೂಡಲೇ ಓಡಿಹೋಗಿ ಕಾಳೋಜನಿಗೆ ಹೇಳಿದ, ಮೂಸೆಯಲ್ಲಿ ಇನ್ನೊಂದಿಷ್ಟು ಇರುವಾಗಲೇ ನೀನು ಖೋ ಅನ್ನು, ನಾನು ಏಳುತ್ತೇನೆ. ಕಾಳೋಜ ನಕ್ಕ. ಹೆಂಗಸರ ಆಟ ತಂದು ಎರಕದ ಮನೆಗೆ ಹಾಕುತ್ತೀಯಾ, ಹೊಳೆದಂಡೆಯಲ್ಲಿ ಗಂಟೆ ಖೊಕ್ ಖೊಕ್ ಅಂತ ಕೆಮ್ಮುತ್ತ ನಿಂತರೆ ದೋಣಿಯವರು ಕಷಾಯ ತಂದಾರು ಅಂದ.

‘ಒಡೆದ ಗಂಟೆಗೆ ಕೆಮ್ಮೋದಕ್ಕೂ ದನಿ ಇರಲ್ಲ ಅಣ್ಣಾ’ ಅಂದ ಬೀರೋಜ.

ಕಾಳೋಜ ತಲೆ ಕೆರೆದುಕೊಂಡು ಒಳಗೆ ಹೋದ.

ಮೂರನೆಯ ಎರಕದ ದಿನ ಬೀರೋಜ ಬೆಂಕಿಗೆ ಮುಖ ಮಾಡಿ ಕೂತ. ಹಿಂದೆ ಧಾರೆ ಬೀಳುವ ಸದ್ದು. ಏಳಲೇ, ಬೇಡವೇ? ಕಾಳೋಜ ಅನ್ನುತ್ತಾನೋ, ಕಟ್ಟಳೆಯೇ ದೊಡ್ಡದು ಅಂದುಕೊಳ್ಳುತ್ತಾನೋ? ಇಕ್ಕಳ ಬಿಗಿಹಿಡಿದು ಕೂತೇ ಇದ್ದ. ಆಗ ಬೆನ್ನ ಹಿಂದೆ, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ, ಸಣ್ಣಗೆ ಕೇಳಿಸಿತಂತೆ: ‘ಖೋ.’

ಬೀರೋಜ ಎದ್ದ, ಹೊಯ್ದ, ಧಾರೆಗೆ ಧಾರೆ ಸೇರಿತು. ಆಗ ಎದುರಿಗೆ ಮಲ್ಲೋಜನ ಬೆನ್ನು ಕಾಣಿಸಿತು. ಎರಡು ಗಂಟೆ ಒಡೆದರೂ ಆ ಬೆನ್ನನ್ನು ತಾನೊಮ್ಮೆಯೂ ನೋಡಿರಲಿಲ್ಲ. ಕಾಳೋಜ ತನಗೆ ಹೇಳಲಿಲ್ಲ ಅಂತ ಕೊರಗಿದವನು ತಾನು ಮಲ್ಲೋಜನಿಗೆ ಏನು ಹೇಳಿದ್ದ? ಮನೆಯೆಲ್ಲ ಮೊಳಗುವಂತೆ ಖೋ ಅಂದನಂತೆ. ಮಲ್ಲೋಜ ಎದ್ದ.

ಅಚ್ಚು ತಣಿದ ಮೇಲೆ ಒಡೆದು ನೋಡಿದರೆ ನುಣುಪಾದ ಗಂಟೆ. ಗೌಡ ತಾನೇ ಬಾರಿಸಿದ. ಕೆಮ್ಮೀತೇನೋ ಅಂತ ಊರೆಲ್ಲ ಕಿವಿಗೊಟ್ಟಿತ್ತು. ಆಚೆ ದಡದಲ್ಲಿ ಮೇಯುತ್ತಿದ್ದ ದನಗಳು ತಲೆ ಎತ್ತಿದವಂತೆ, ಅಷ್ಟು ದೂರಕ್ಕೆ, ಅಷ್ಟು ತಿಳಿಯಾಗಿ ಕೇಳಿಸಿತು. ಗೌಡ ಬೆಳ್ಳಿಯ ಕಡಗ ತರಿಸಿ, ನಿಮ್ಮಲ್ಲಿ ಯಾರ ಕೈ ಹೆಚ್ಚು, ಅವನಿಗೆ ತೊಡಿಸುತ್ತೇನೆ ಅಂದ. ಮೂವರೂ ಗಂಟೆಯನ್ನು ಸುತ್ತು ಹಾಕಿ ಸವರಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಕಾಳೋಜ ಕೈಮುಗಿದ.

‘ಗೆರೆ ಇದ್ದಿದ್ದರೆ ಹೇಳಬಹುದಿತ್ತು ಗೌಡ್ರೇ.’

ಗೌಡ ಕಡಗವನ್ನು ಗಂಟೆ ತೂಗುಹಾಕುವ ಕೊಳಿಕೆಗೇ ಹಾಕಿಸಿದನಂತೆ. ಬೀರೋಜ, ಗೌರವ್ವ ಅದೇ ಓಣಿಯಲ್ಲಿ, ಅದೇ ಮನೆಯಲ್ಲಿ ತುಂಬಿದ ಸಂಸಾರ ಮಾಡಿಕೊಂಡು ಸುಖವಾಗಿದ್ದರು. ಕತೆ ಇಲ್ಲಿಗೆ ಮುಗಿದು ಮಲಗಿತು. ನೀನೂ ಮಲಗು. ಬೆಳಗ್ಗೆ ಎದ್ದು ಇದನ್ನು ಯಾರಿಗಾದರೂ ಹೇಳು, ಅವರು ಇನ್ನೊಬ್ಬರಿಗೆ ಹೇಳಲಿ.