ದನಿ ಏರಿದ ಕಲ್ಲುಕಂಬ

"ಕೇಳಿರಿ, ಕೇಳಿರಿ! ದೊರೆ ಮಲ್ಲದೇವರಾಯರು ಮೂರು ಒಗಟು ಒಡ್ಡಿದ್ದಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರಿಗೆ ಬರುವ ಅಮಾವಾಸ್ಯೆಗೆ ತಲೆದಂಡ!"

ಡಂಗುರ ಕೇಳಿ ಆಸೆಬುರುಕರು ಹೋದರು, ಪಂಡಿತರು ಹೋದರು, ಎಲ್ಲರೂ ಸೆರೆಮನೆ ಸೇರಿದರು. ವಿದ್ವಾನ್ ತಿಮ್ಮಾಚಾರ್ಯರೂ ಸೇರಿದರೆಂದು ಗೊತ್ತಾದಾಗ ಅವರ ಶಿಷ್ಯ ಹಂಪಯ್ಯನ ಕೈತುತ್ತು ಕೈಯಲ್ಲೇ ಉಳಿಯಿತು.

ಈ ಹಂಪಯ್ಯ ಒಂದು ವಿಚಿತ್ರ ಪ್ರಾಣಿ. ಕೀರ್ತನೆ ಕಟ್ಟಿ ಹಾಡುತ್ತಿದ್ದ. ಹಾಡಿ ಮುಗಿಸಿ, ನಾದ ಹೇಗೆ ಹುಟ್ಟಿತೆಂದು ತಿಳಿಯಲು ಮೃದಂಗದ ಮೇಲೆ ಮರಳು ಉದುರಿಸಿ ಪರೀಕ್ಷೆ ಮಾಡುತ್ತಿದ್ದ. ಸಂಗೀತಗಾರರು ಅವನನ್ನು ಅಳತೆಗಾರನೆಂದು ನಕ್ಕರು, ಶಾಸ್ತ್ರಜ್ಞರು ಹಾಡುಗಾರನೆಂದು ನಕ್ಕರು, ಊಟಕ್ಕೆ ಮಾತ್ರ ಇಬ್ಬರೂ ಕರೆಯಲಿಲ್ಲ. ಅನ್ನ ಹಾಕಿದವರು ತಿಮ್ಮಾಚಾರ್ಯರೊಬ್ಬರೇ. ಅವರು ಕೆಟ್ಟುಹೋಯಿತೆಂದು ಮೂಲೆಗೆಸೆದಿದ್ದ ಕಂಚಿನ ತಾಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ಹೊರಟ.

ಸಭೆ ಸೇರಿದ್ದು ಅರಮನೆ ಗುಡಿಯ ಮಂಟಪದಲ್ಲಿ. ದೊರೆಯೂ ಹಾಡುಗಾರ. ಬೆನ್ನ ಹಿಂದೆ ಮಗಳು ಪದ್ಮಲೆ ತಂಬೂರಿ ಮೀಟುತ್ತಿದ್ದಳು. ಅದನ್ನು ಅವಳ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಆಸ್ಥಾನದ ವಾದ್ಯಗಳೆಲ್ಲ ಅದಕ್ಕೇ ಶ್ರುತಿ ಸೇರಬೇಕು, ಅದು ಅಲ್ಲಿನ ಕಟ್ಟಳೆ.

ಅಂದು ಹಂಪಯ್ಯನ ಜೊತೆ ಒಗಟು ಬಿಡಿಸಲು ಒಬ್ಬ ಜೋಯಿಸರೂ ಬಂದಿದ್ದರು. ದೊರೆ ಕೇಳಿದ: "ನಾಲ್ವರು ಅಕ್ಕತಂಗಿಯರು. ಒಂದೆಳೆ ನೂಲು ಸರಿಯಾದ ಕಡೆ ಕೂತರೆ ದನಿ ತುಂಬಿ ಹಾಡುತ್ತಾರೆ, ಕೂದಲಷ್ಟು ಸರಿದರೆ ಸಪ್ಪಗಾಗುತ್ತಾರೆ. ಯಾರವರು?"

"ತಂಬೂರಿಯ ತಂತಿಗಳು, ಮಹಾಸ್ವಾಮಿ" ಎಂದರು ಇಬ್ಬರೂ.

"ಒಬ್ಬನಿಗೆ ಪೆಟ್ಟು ಬಿದ್ದರೆ, ಮುಟ್ಟದೇ ಇದ್ದವನು ಅಳುತ್ತಾನೆ. ಯಾಕೆ?"

"ಒಂದೇ ಶ್ರುತಿಯ ಎರಡು ತಂತಿ" ಎಂದ ಹಂಪಯ್ಯ. ಅಲ್ಲಿದ್ದ ವೀಣೆಯ ಒಂದು ತಂತಿಯ ಮೇಲೆ ಹುಲ್ಲಿನ ಚೂರು ಕೂರಿಸಿ, ಪಕ್ಕದ ತಂತಿ ಮೀಟಿದ. ಚೂರು ಜಿಗಿದು ಬಿತ್ತು. ಜೋಯಿಸರು ತಾನೂ ಅದನ್ನೇ ಹೇಳುತ್ತಿದ್ದೆ ಎಂದರು.

ಈ ಎರಡು ಒಗಟಿನವರೆಗೆ ಹಿಂದಿನವರೆಲ್ಲರೂ ಬಂದವರೇ. ದೊರೆ ಎದ್ದು ಮಂಟಪದ ಕಲ್ಲುಕಂಬವನ್ನು ಬಡಿದ. ಗಂಟೆಯಂತೆ ನಾದ ಹೊಮ್ಮಿತು.

"ನನ್ನ ಪಟ್ಟಾಭಿಷೇಕದ ದಿನ ಈ ಕಂಬ ನನ್ನ ಷಡ್ಜಕ್ಕೆ ಸರಿಯಾಗಿ ನುಡಿಯಿತು. ಈಗ ತಂಬೂರಿಗಿಂತ ಎಷ್ಟು ಮೇಲಿದೆ, ಕೇಳಿ! ಕಲ್ಲು ಕದಲಿಲ್ಲ, ಉಳಿ ಮುಟ್ಟಲಿಲ್ಲ. ದನಿ ಏರಿದ್ದು ಹೇಗೆ?"

"ಬಿಸಿಲಿಗೆ ಕಲ್ಲು ಒಣಗಿದೆ, ಪ್ರಭು" ಎಂದರು ಜೋಯಿಸರು. ಭಟರು ಅವರ ರೆಟ್ಟೆ ಹಿಡಿದರು. ಅವರ ಕೂಗು ಪ್ರಾಕಾರ ದಾಟುವವರೆಗೂ ಕೇಳುತ್ತಿತ್ತು.

ಹಂಪಯ್ಯ ಸೊಂಟದ ತಾಳ ತೆಗೆದು ತಟ್ಟಿದ. ಕಂಬದ ದನಿಗೂ ತಾಳದ ದನಿಗೂ ಎಳ್ಳಷ್ಟೂ ಅಂತರವಿರಲಿಲ್ಲ.

"ಪಟ್ಟಾಭಿಷೇಕಕ್ಕೆ ಈ ಕಂಬಕ್ಕೇ ಹೊಂದಿಸಿ ಎರಕ ಹೊಯ್ಸಿದ ತಾಳ ಇದು, ಬುದ್ಧಿ. ನಿಮ್ಮ ತಂಬೂರಿಗೆ ಸೇರಲಿಲ್ಲ ಅಂತ ನಮ್ಮ ಗುರುಗಳು ಬಿಸಾಕಿದ್ರು. ಕಲ್ಲೂ ಕಂಚೂ ಮಾತಾಡಿಕೊಂಡು ಸುಳ್ಳು ಹೇಳೋದಿಲ್ಲ. ಕಂಬ ಏರಿಲ್ಲ. ಇಳಿದಿರೋದು ನಿಮ್ಮ ತಂಬೂರಿ."

ದೊರೆಯ ಮುಖ ಸುಣ್ಣವಾಯಿತು.

"ಯಾರು ಇಳಿಸಿದ್ದು?"

ಹಂಪಯ್ಯ ಕಣ್ಣೆತ್ತಿದ. ಪದ್ಮಲೆಯ ಬೆರಳು ತಂತಿಯ ಮೇಲೆ ನಿಂತುಬಿಟ್ಟಿತ್ತು. ಅವನಿಗೆ ಉತ್ತರ ತಿಳಿಯಿತು.

"ಅದು ಒಗಟಿನಲ್ಲಿ ಇರಲಿಲ್ಲ, ಬುದ್ಧಿ."

"ಹೇಳದಿದ್ದರೆ ಇಲ್ಲೇ ನಿನ್ನ ತಲೆ ಉರುಳುತ್ತದೆ!" ದೊರೆ ಕತ್ತಿ ಹಿರಿದ. ಹಂಪಯ್ಯ ತುಟಿ ಕಚ್ಚಿ ತಲೆ ಬಾಗಿಸಿದ.

"ಬಿಡಿ ಅಪ್ಪಾಜಿ! ಬಿರಡೆ ತಿರುಗಿಸಿ ತಂತಿ ಸಡಿಲಿಸಿದವಳು ನಾನು."

ಕತ್ತಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಅಮ್ಮ ತೀರಿಕೊಂಡ ವರ್ಷ ಮೇಲಿನ ಷಡ್ಜದಲ್ಲಿ ನಿಮ್ಮ ದನಿ ಒಡೆಯಿತು. ಗೋಡೆ ಕಡೆ ತಿರುಗಿ ಅತ್ತಿರಿ. ಮಾರನೇ ದಿನ ಚೂರು ಇಳಿಸಿದೆ, ನೀವು ನಕ್ಕಿರಿ. ಆಮೇಲೆ ವರ್ಷಾ ವರ್ಷಾ ಇಳಿಸಿದೆ. ಸೆರೆಯಲ್ಲಿರುವವರನ್ನು ನೆನೆದು ಅನ್ನ ಸೇರುತ್ತಿರಲಿಲ್ಲ. ಆದರೂ ನಿಮಗೆ ವಯಸ್ಸಾಯಿತು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ."

ದೊರೆ ಕಂಬದ ಬಳಿ ಹೋಗಿ ಬಡಿದ, ಆ ಶ್ರುತಿಯಲ್ಲಿ ಹಾಡಲು ನೋಡಿದ. ಮೇಲಿನ ಷಡ್ಜಕ್ಕೆ ಹೋಗುವಾಗ ದನಿ ಎಲ್ಲರೆದುರೇ ಚೂರಾಯಿತು. ಯಾರೂ ತಲೆ ಎತ್ತಲಿಲ್ಲ. ಅವನು ಕಂಬಕ್ಕೆ ಒರಗಿದ.

"ನನ್ನ ಗಂಟಲು ಮಾಡಿದ ತಪ್ಪಿಗೆ ಇಷ್ಟು ಜನರ ಕುತ್ತಿಗೆ ಕೊಯ್ಯಲು ಹೊರಟಿದ್ದೆನಲ್ಲ!" ಎಂದ. "ಏನು ಬೇಕು ಕೇಳಪ್ಪ."

"ಸೆರೆಯ ಬಾಗಿಲು ತೆಗೆಸಿ, ಬುದ್ಧಿ."

"ತೆಗೆಸಿದೆ. ನಿನಗೆ?"

"ಈ ಕಂಬ ಬಡಿದು ನೋಡೋಕೆ ಅಪ್ಪಣೆ. ಕಲ್ಲು ಹೇಗೆ ಹಾಡುತ್ತೆ ಅಂತ ತಿಳೀಬೇಕು."

ದೊರೆ ಅವನಿಗೆ ಗುಡಿಯ ಪಕ್ಕದಲ್ಲೇ ಮನೆ ಕೊಟ್ಟು ಆಸ್ಥಾನಕ್ಕೆ ಸೇರಿಸಿಕೊಂಡ. ತಿಮ್ಮಾಚಾರ್ಯರು ತಾವೆಸೆದ ತಾಳವನ್ನು ಕಣ್ಣಿಗೊತ್ತಿಕೊಂಡರು. ಹಂಪಯ್ಯ ಮೇಲಿನ ಷಡ್ಜ ಮುಟ್ಟದ ಒಂದು ಕೀರ್ತನೆ ಕಟ್ಟಿದ. ದೊರೆ ಅದನ್ನು ಹಾಡಲು ಕೂತ ದಿನ, ತುಂಬಿದ ಸಭೆಯಲ್ಲಿ ಹಿಂದಕ್ಕೆ ತಿರುಗಿ, "ಇನ್ನೂ ಸ್ವಲ್ಪ ಇಳಿಸು, ಮಗಳೇ" ಎಂದ.

ಅವರ ಶ್ರುತಿ ಅಲ್ಲಿ ಕೂಡಿತು, ನಾವು ಇಲ್ಲಿ ನಮ್ಮ ನಮ್ಮ ಬಿರಡೆ ನೋಡಿಕೊಳ್ಳೋಣ.