ಊಟದ ಕೂಗು

ಹೊಳೆಯ ಈ ದಡದಲ್ಲಿ ಸಿದ್ಧವೀರ ಗುರುಗಳ ಆಶ್ರಮ. ಆ ದಡದಲ್ಲಿ ಮೌನೇಶಾಚಾರಿಯ ಕುಲುಮೆ. ಅಲ್ಲಿ ಕಂಚಿನ ಗಂಟೆ ಎರಕ ಹೊಯ್ಯುತ್ತಿದ್ದರು.

ಹಿರಿಯರಿಬ್ಬರೂ ಒಂದು ಮಾತು ಮಾಡಿಕೊಂಡಿದ್ದರು. ಬೆಳಿಗ್ಗೆ ಆಶ್ರಮದಲ್ಲಿ ಪಾಠ, ಆಮೇಲೆ ಹನ್ನೆರಡು ಮಂದಿ ಶಿಷ್ಯರು ಎರಕ ಕಲಿಯಲು ದೋಣಿ ಹತ್ತಿ ಕುಲುಮೆಗೆ. ವರ್ಷಕ್ಕೊಂದು ತಂಡ.

ಮೊದಲ ತಂಡ ಹೋಗತೊಡಗಿ ಹತ್ತು ತಿಂಗಳಾದ ಮೇಲೆ ಗುರುಗಳು ಕೇತಯ್ಯನೆಂಬ ಶಿಷ್ಯನನ್ನು ಕರೆದರು. ಹೋದವರಿಗೆ ಅಲ್ಲಿ ತೃಪ್ತಿಯಿದೆಯೋ ತಿಳಿದು ಬಾ, ಇಲ್ಲವಾದರೆ ಈ ಏರ್ಪಾಡು ಇಲ್ಲಿಗೇ ನಿಲ್ಲಿಸೋಣ ಎಂದರು.

ನಿಲ್ಲಿಸುವ ಮಾತು ಕೇತಯ್ಯನಿಗೆ ಹಿಡಿಸಲಿಲ್ಲ. ಮುಂದಿನ ತಂಡದಲ್ಲಿ ಅವನ ಹೆಸರೇ ಮೊದಲು. ಗಂಟೆ ಎರೆಯಬೇಕೆಂದು ಮೂರು ವರ್ಷದಿಂದ ಆಸೆಪಟ್ಟಿದ್ದ, ಪಾಪ.

ಅವನು ಹೋಗಿ ಕೇಳಿದ್ದು ಊಟದ ಪಂಕ್ತಿಯಲ್ಲಿ. ಆಚಾರಿಯೇ ಕೈಯಾರೆ ತುಪ್ಪ ಬಡಿಸುತ್ತಿದ್ದ. ತೃಪ್ತಿಯಿದ್ದವರು ಕೈ ಎತ್ತಿ ಎಂದದ್ದೇ ತಡ, ಹನ್ನೆರಡು ಕೈ ಮೇಲೆದ್ದವು. ಕೇತಯ್ಯ ಕುಣಿಯುತ್ತ ವಾಪಸು ಬಂದ.

“ಎಲ್ಲರಿಗೂ ತೃಪ್ತಿ, ಗುರುಗಳೇ. ಊಟಕ್ಕೆ ಕರೆದರೆ ಒಂದೇ ಕೂಗಿಗೆ ಹನ್ನೆರಡೂ ಜನ ಓಡಿ ಬರ್ತಾರೆ.”

“ಒಂದೇ ಕೂಗಿಗೆ? ಕೆಲಸದಲ್ಲಿ ಮುಳುಗಿದವರಿಗೆ ಮೊದಲ ಕೂಗು ಕೇಳಿಸುವುದುಂಟೇ?”

ಗುರುಗಳು ಒಂದು ಗಂಟೆ ತಂದು, ಅದರ ಮೈಯನ್ನೇ ಮುಷ್ಟಿಯಲ್ಲಿ ಹಿಡಿದು ಬಾರಿಸು ಎಂದರು. ಟಕ್ ಎಂದಿತು, ಅಷ್ಟೇ. ಎರಕ ಸರಿಯಿಲ್ಲವೇನೋ ಎಂದ ಕೇತಯ್ಯ.

“ಎರಕ ಚೆನ್ನಾಗೇ ಇದೆ. ಹೀಗೆ ಹಿಡಿದುಕೊಂಡು ಕೇಳಿದರೆ ಅದು ಏನು ಹೇಳೀತು?”

ಮಾರನೆಯ ಸಂಜೆ ಕೇತಯ್ಯ ಮರಳುವ ದೋಣಿಯಲ್ಲಿ ಆ ಹನ್ನೆರಡು ಮಂದಿಯ ಜೊತೆ ಕೂತ. ಏನನ್ನೂ ಕೇಳಲಿಲ್ಲ. ಹೊಳೆಯ ನಡುವೆ ಬಂದಾಗ ಅವರೇ ಬಾಯಿ ಬಿಟ್ಟರು. ಆಚಾರಿ ದೇವರಂಥ ಮನುಷ್ಯ, ಊಟಕ್ಕೆ ಕೊರತೆಯಿಲ್ಲ. ಆದರೆ ಹತ್ತು ತಿಂಗಳಿಂದ ಬೆಂಕಿಗೆ ಗಾಳಿ ಊದುವ ತಿದಿ ಒತ್ತಿದ್ದೇ ಒತ್ತಿದ್ದು. ಕರಗಿದ ಕಂಚಿನ ಹತ್ತಿರ ಸುಳಿಯಲೂ ಬಿಟ್ಟಿಲ್ಲವಂತೆ.

ಇದನ್ನು ಹೇಳಿದರೆ ತನ್ನ ಸರದಿ ಹೋದಂತೆಯೇ ಎಂದುಕೊಂಡ ಕೇತಯ್ಯ. ಅಳು ಬಂತು. ಆದರೂ ಹೋಗಿ ಹೇಳಿದ.

ಗುರುಗಳು ಅವನನ್ನೇ ಕರೆದುಕೊಂಡು ಹೊಳೆ ದಾಟಿದರು. ವಿಷಯ ಕೇಳಿ ಆಚಾರಿ ಪೆಚ್ಚಾದ. ಕಂಡವರ ಮಕ್ಕಳು, ಸುಟ್ಟುಕೊಂಡರೆ ನಿಮಗೇನು ಹೇಳಲಿ ಅಂತ ಹೆದರಿದ್ದೆ ಸ್ವಾಮಿ, ಒಬ್ಬನಾದರೂ ಬಾಯಿ ಬಿಡಬಾರದಿತ್ತೇ ಎಂದ.

ಮರುದಿನವೇ ಇಕ್ಕಳ ಶಿಷ್ಯರ ಕೈಗೆ ಬಂತು. ಮೊದಲ ಗಂಟೆಯ ಅಂಚು ಸೊಟ್ಟ, ದನಿ ಒಡಕು. ಆಚಾರಿ ನಾಚಿಕೊಂಡು ಅದನ್ನು ಮತ್ತೆ ಕರಗಿಸಹೊರಟ. ಗುರುಗಳು ಅದನ್ನೇ ಕೇಳಿ ಪಡೆದು ತಂದು ಆಶ್ರಮದ ಬಾಗಿಲಿಗೇ ಕಟ್ಟಿದರು. ಏರ್ಪಾಡು ಮುರಿಯಲಿಲ್ಲ, ಕೇತಯ್ಯನ ಹೆಸರೂ ಇದ್ದಲ್ಲೇ ಉಳಿಯಿತು.

ತಿಂಗಳು ಕಳೆದ ಮೇಲೆ ಕೇತಯ್ಯನಿಗೆ ಸುಮ್ಮನಿರಲಾಗಲಿಲ್ಲ.

“ಗುರುಗಳೇ, ಈಗ ತೃಪ್ತಿಯಿದೆಯೋ ಅಂತ ಮತ್ತೆ ಕೇಳಿ ಬರಲೇ?”

“ಏನೂ ಕೇಳಬೇಡ. ಮಧ್ಯಾಹ್ನ ಹೋಗಿ ಊಟಕ್ಕೆ ಕರೆ. ಎಷ್ಟು ಕೂಗಿಗೆ ಬರ್ತಾರೆ ನೋಡು.”