ಮಾನಪ್ಪನ ಮುಗಿಯದ ಕಪಾಟು

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನೂ ಹುಟ್ಟದ ಕಾಲದಲ್ಲಿ, ಹೊಳೆದಂಡೆಯ ಒಂದೂರಲ್ಲಿ ಬಡಿಗೇರ ಮಾನಪ್ಪ ಅಂತ ಒಬ್ಬನಿದ್ದನಂತೆ. ಅವನು ಮಾಡಿದ ಕಪಾಟಿನ ಬಾಗಿಲು ಹಾಕಿದರೆ ಇರುವೆಗೂ ದಾರಿ ಸಿಗುತ್ತಿರಲಿಲ್ಲವಂತೆ. ನಂಬುವವರು ನಂಬಿ, ಬಿಡುವವರು ಬಿಡಿ. ನಾನಂತೂ ನಂಬಿದ್ದೇನೆ.

ಒಂದು ಹಲಗೆಯ ಅಂಚು ಇನ್ನೊಂದರೊಳಗೆ ಸರಿದು ಕೂರುವಂತೆ ಹಲಗೆಯಲ್ಲಿ ಕಾಲುವೆ ತೋಡಲು ಅವನ ಹತ್ತಿರ ಎರಡು ಉಳಿಗಳಿದ್ದವಂತೆ. ಒಂದು ಅವನಪ್ಪನದು, ಮೊಣಕೈಯುದ್ದ, ಎರಡೂ ಕೈ ಹಾಕಿ ಹಿಡಿಯಬೇಕು. ವಾಡೆಯ ದೊಡ್ಡ ಬಾಗಿಲುಗಳಿಗೆ ಮಾತ್ರ ಅದು. ಇನ್ನೊಂದು ಅಂಗೈಯೊಳಗೆ ಅಡಗುವಂಥದ್ದು, ಕಪಾಟಿಗೆ ಇದೇ ಸರಿ. ಹಲಗೆಯ ದಪ್ಪವನ್ನು ಮೂರು ಪಾಲು ಮಾಡಿ ಒಂದು ಪಾಲಷ್ಟೇ ತೋಡಬೇಕು, ಎರಡು ಪಾಲು ಮರಕ್ಕೇ ಬಿಡಬೇಕು ಅಂತ ಊರಿಗೆಲ್ಲ ಹೇಳುತ್ತಿದ್ದವನು ಅವನೇ.

ತಾಯಿಯಿಲ್ಲದ ಒಬ್ಬಳೇ ಮಗಳು ನೀಲವ್ವನ ಮದುವೆ ಗೊತ್ತಾದಾಗ ಆ ಮಾತು ಅವನಿಗೇ ಮರೆತುಹೋಯಿತಂತೆ. ಮಗಳ ಕಪಾಟು ಮೂರು ತಲೆಮಾರು ಬಾಳಬೇಕು ಅಂತ ಅಪ್ಪನ ದೊಡ್ಡ ಉಳಿಯನ್ನೇ ಎತ್ತಿಕೊಂಡ. ಮಮತೆಗೆ ಅಳತೆ ಎಲ್ಲಿಯದು? ಕಾಲುವೆ ಆಳಕ್ಕೆ ಇಳಿಯಿತು, ಪಕ್ಕದ ಹಲಗೆ ಹಪ್ಪಳದಷ್ಟು ತೆಳ್ಳಗಾಯಿತು. ಮದುಮಗಳ ಬಂಡಿ ಊರ ಅಗಸೆಬಾಗಿಲು ದಾಟುವಷ್ಟರಲ್ಲಿ ಕಪಾಟು ಸೀಳಿ ಬಿತ್ತಂತೆ. ಬೀಗರು ನಕ್ಕರಂತೆ, ಮಾನಪ್ಪ ತಲೆ ಎತ್ತಲಿಲ್ಲವಂತೆ.

ನೀಲವ್ವನ ಗಂಡನ ಮನೆ ಹೊಳೆಯಾಚೆ, ಮೂರು ದಿನದ ದಾರಿ. ಸೊಸೆಯಂದಿರನ್ನು ತವರಿಗೆ ಕಳಿಸುವ ರೂಢಿಯೇ ಆ ಮನೆಯಲ್ಲಿರಲಿಲ್ಲವಂತೆ. ಆದರೆ ಅತ್ತೆಗೆ ಕಪಾಟಿನ ಆಸೆ. "ನಾಗರ ಪಂಚಮಿಗೆ ಹೋಗು, ಹೊಸಾ ಕಪಾಟು ತಗೊಂಡ ಬಾ" ಅಂದಳಂತೆ.

ನೀಲವ್ವ ಬಂದಳು. ಮಾನಪ್ಪ ನೆರೆಮನೆಯಿಂದ ಹಬ್ಬದ ಉಂಡಿ ಬೇಡಿ ತಂದಿಟ್ಟಿದ್ದ. ಈ ಸಲ ಸಣ್ಣ ಉಳಿಯಿಂದ ಮಾಡಿದ ಕಪಾಟು ಪೂರಾ ತಯಾರಿತ್ತು, ಬೆರಳಿಂದ ದೂಡಿದರೆ ಹಲಗೆ ಕಾಲುವೆಯಲ್ಲಿ ನುಣ್ಣಗೆ ಸರಿಯುತ್ತಿತ್ತು. ಆದರೆ ಇದನ್ನು ಒಯ್ದರೆ ಮಗಳನ್ನು ಮತ್ತೆ ಯಾರು ಕಳಿಸುತ್ತಾರೆ? ಅವಳು ಕಾಲು ತೊಳೆಯುತ್ತಿದ್ದಾಗ ಮಾನಪ್ಪ ಒಂದು ಹಲಗೆಯನ್ನು ಎಳೆದು, ಧೋತರದಲ್ಲಿ ಸುತ್ತಿ, ಅಟ್ಟದ ಮೇಲಿಟ್ಟನಂತೆ. "ಇನ್ನೂ ಒಂದ ಹಲಿಗಿ ಬಾಕಿ ಐತವ್ವಾ. ಬರೋ ಪಂಚಮಿಗೆ ಬಾ" ಅಂದನಂತೆ.

ಬರೋ ಪಂಚಮಿಗೂ ಅದೇ ಮಾತು. ಅದರಾಚೆಯ ಪಂಚಮಿಗೂ ಅದೇ ಮಾತು. ಹೀಗೆ ಹನ್ನೊಂದು ವರ್ಷ. ಮಗಳ ಕಪಾಟು ಮುಗಿಸಲಾರದವನು ನಮಗೇನು ಮಾಡಿಕೊಟ್ಟಾನು ಅಂತ ಜನ ಬೇರೆ ಬಡಿಗನನ್ನು ಹುಡುಕಿಕೊಂಡರು. ಇರುವೆ ನುಗ್ಗದ ಬಾಗಿಲು ಮಾಡಿದವನ ಹೆಸರು ಮಣ್ಣುಪಾಲಾಯಿತು. ಹೆಸರು ಹೋದರೆ ಹೋಗಲಿ ಅಂದನಂತೆ ಮಾನಪ್ಪ.

ನೀಲವ್ವನಿಗೆ ಗೊತ್ತಿರಲಿಲ್ಲವೇ? ಮೊದಲನೇ ವರ್ಷವೇ ಅಟ್ಟ ಗುಡಿಸುವಾಗ ಧೋತರ ಬಿಚ್ಚಿ ನೋಡಿ, ಹಾಗೇ ಸುತ್ತಿಟ್ಟಿದ್ದಳಂತೆ.

ಹನ್ನೆರಡನೇ ಪಂಚಮಿ ಬರುವ ಮೊದಲೇ ಮಾನಪ್ಪ ತೀರಿಹೋದ. ನೀಲವ್ವನ ಗಂಡ ಬಂಡಿ ತಂದು ಕಪಾಟು ಏರಿಸಿದ. ಹಲಗೆಯೂ ಸಿಕ್ಕಿತು, ಅದನ್ನೂ ಹಾಕು ಅಂದನಂತೆ. ನೀಲವ್ವ ಅದನ್ನು ಎದೆಗವಚಿ ನಿಂತು, "ಅದು ಇಲ್ಲೇ ಇರಲಿ. ಬರೋ ಪಂಚಮಿಗೆ ಬಂದು ಒಯ್ತೀನಿ" ಅಂದಳಂತೆ.

ಬಂದಳು. ಪ್ರತಿ ವರ್ಷ ಬಂದಳು. ಯಾರೂ ಇಲ್ಲದ ಮನೆಯ ಬೀಗ ತೆಗೆದು, ಕಸ ಗುಡಿಸಿ, ಹಲಗೆಯ ಧೂಳು ಒರೆಸಿ, ಕುಳಿತು ಎದ್ದು ಬರಿಗೈಯಲ್ಲಿ ಹೋಗುತ್ತಿದ್ದಳಂತೆ.

ಆ ಕಡೆಯ ಬಡಿಗೇರರು ಇವತ್ತಿಗೂ ಮದುವೆಯ ಕಪಾಟಿಗೆ ಒಂದು ಹಲಗೆ ಕಡಿಮೆ ಹಾಕಿಯೇ ಕಳಿಸುತ್ತಾರೆ. ಬೀಗರು ಕೇಳಿದರೆ, "ಹುಡುಗಿ ಪಂಚಮಿಗೆ ಬರ್ತಾಳಲ್ರೀ, ಆವಾಗ ಕೊಡ್ತೀವಿ" ಅನ್ನುತ್ತಾರೆ. ಆ ಹಲಗೆಯನ್ನು ಇದುವರೆಗೆ ಯಾವ ಮಗಳೂ ಒಯ್ದಿಲ್ಲವಂತೆ.